ಅಜ್ಜನ ಫೋಟೋಗೆ ಶುರುವಾದ ಜಗಳ

ದೊಡ್ಡಪ್ಪ, ಫಾರ್ವರ್ಡ್ ಮಾಡಿದ್ದು: ಎಚ್ಚರ!! ಸ್ಟುಡಿಯೋಗಳ ಮೋಸ!! ಮನೆ ಪ್ರಿಂಟರೇ 4800 ಡಿಪಿಐ ಇರುತ್ತೆ, ಸ್ಟುಡಿಯೋದವರು ಬರೀ 300ರಲ್ಲಿ ಪ್ರಿಂಟ್ ಹಾಕಿ ಪೂರ್ತಿ ದುಡ್ಡು ತಗೋತಾರೆ. ಫೋಟೋ ಮಬ್ಬಾಗೋದು ಇದಕ್ಕೇ. ಎಲ್ಲರಿಗೂ ಕಳಿಸಿ 🙏

ದೊಡ್ಡಪ್ಪ: ನನ್ನ ಅರವತ್ತರ ಶಾಂತಿ ಫೋಟೋ ಯಾಕೆ ಹಾಗಾಯ್ತು ಅಂತ ಈಗ ಗೊತ್ತಾಯ್ತು. ಅಜ್ಜನ ಫೋಟೋ ಹಾಕ್ಸೋಕ್ ಮುಂಚೆ ಎಲ್ಲರೂ ಓದಿ

ಪುಟ್ಟಿ: ಯಾರ್ ಬರ್ದಿದ್ದು ದೊಡ್ಡಪ್ಪ ಇದು, ಹೆಸರಿಲ್ಲ ಊರಿಲ್ಲ

ದೊಡ್ಡಪ್ಪ: ಯಾರಾದ್ರೇನಮ್ಮ, ವಿಷಯ ನೋಡು. ನಮ್ ಕಾಲದಲ್ಲಿ ದೊಡ್ಡೋರು ಮಾತಾಡಿದ್ರೆ ಹೀಗೆ ಅಡ್ಡ ಕೇಳ್ತಿರ್ಲಿಲ್ಲ

ಅಕ್ಕ: ಮೋಸ ಸ್ಟುಡಿಯೋದವರದಾದ್ರೆ ಅವತ್ತು ಪಂಕ್ತೀಲಿ ನಮ್ಮನೆಯವ್ರಿಗೆ ಯಾಕಂದಿದ್ದು? ಅಳಿಯಂದ್ರು ದುಡ್ಡು ಉಳ್ಸಕ್ಕೆ ನೋಡಿದ್ರು ಅಂತ, ಎಲ್ರೆದುರಿಗೇ

ಹಾಸನ ಅತ್ತೆ: ಹಳೇದೆಲ್ಲ ಈಗ್ಯಾಕೆ ಬಿಡೇ

ಅಕ್ಕ: ಅನ್ಸ್ಕೊಂಡಿದ್ದು ನಾವಲ್ವಾ ಅತ್ತೆ

ದುಬೈ ಅಣ್ಣ: ಅಜ್ಜನ ಆ ಫೋಟೋ ತೆಗೆಸಿದ ದಿನ ನಾನೂ ಹೋಗಿದ್ದೆ ಕಣ್ರೋ, ಕನ್ನಡಿ ಹತ್ರ ಬಾಚಣಿಗೆ, ಪೌಡರ್ ಡಬ್ಬಿ, ಗೂಟಕ್ಕೆ ಸ್ಟುಡಿಯೋದವರದೇ ಕೋಟು, ಅಜ್ಜ ಅದನ್ನ ಹಾಕ್ಕೊಂಡು ಉಸಿರು ಬಿಗಿಹಿಡ್ದು ಕೂತಿದ್ರು, ಆಮೇಲೆ ನಂಗೆ ಮಸಾಲೆ ದೋಸೆ ಕೊಡ್ಸಿದ್ರು

ನಾನು: ದೊಡ್ಡಪ್ಪ, ಪ್ರೆಸ್ಸಲ್ಲಿ ನಾನು ದಿನಾ ಮಾಡೋ ಕೆಲಸಾನೇ ಇದು, ಒಂದ್ಸಲ ಪೂರ್ತಿ ಓದಿ. 4800 ಅನ್ನೋದು ಪ್ರಿಂಟರ್ ಒಂದಿಂಚಲ್ಲಿ ಎಷ್ಟು ಇಂಕ್ ಚುಕ್ಕಿ ಇಡಬಹುದು ಅನ್ನೋ ಲೆಕ್ಕ, 300 ಅನ್ನೋದು ಒಂದಿಂಚಲ್ಲಿ ಫೋಟೋದ ಪಿಕ್ಸೆಲ್, ಅಂದ್ರೆ ಫೋಟೋ ಆಗಿರೋ ಪುಟ್ಟ ಬಣ್ಣದ ಚೌಕ, ಎಷ್ಟು ಅನ್ನೋ ಲೆಕ್ಕ. ಪಿಕ್ಸೆಲ್ ಯಾವ ಬಣ್ಣ ಬೇಕಾದ್ರೂ ಇರಬಹುದು, ಪ್ರಿಂಟರ್ ಹತ್ರ ನಾಕೋ ಆರೋ ಇಂಕು, ಅದನ್ನೇ ಚುಕ್ಕಿ ಚುಕ್ಕಿ ಇಟ್ಟು ಒಂದು ಪಿಕ್ಸೆಲ್ಲಿನ ಬಣ್ಣ ಬರಿಸ್ಬೇಕು. ನಮ್ಮಲ್ಲಿ ಅಚ್ಚಿನ ಪ್ಲೇಟ್ ಮಾಡೋ ಮಿಷಿನ್ ಇಂಚಿಗೆ 2400 ಪುಟಾಣಿ ಚುಕ್ಕಿ ಇಡುತ್ತೆ, ಅವು ಗುಂಪುಗೂಡಿ ಆಗೋ ದೊಡ್ಡ ಚುಕ್ಕಿಗೆ ಹಾಫ್‌ಟೋನ್ ಚುಕ್ಕಿ ಅಂತೀವಿ, ಅದು ಇಂಚಿಗೆ 150 ಸಾಲು, ಅದೇ ಸ್ಕ್ರೀನ್ 150 ಲೈನ್ ಅನ್ನೋದು, ಅಂದ್ರೆ ಒಂದೊಂದು ಹಾಫ್‌ಟೋನ್ ಚುಕ್ಕಿಗೂ 16ಕ್ಕೆ 16, 256 ಪುಟಾಣಿ ಚುಕ್ಕಿಯ ಜಾಗ. ಆದ್ರೂ ಗಿರಾಕಿ ಹತ್ರ ಕೇಳೋದು ಲೈನಿನ ಎರಡರಷ್ಟು, 300ರ ಫೋಟೋನೇ. ಇದ್ರಲ್ಲಿ ಮೋಸ ಇಲ್ಲ

ಪುಟ್ಟಿ: ಜಾಸ್ತಿ ಇದ್ರೆ ಇನ್ನೂ ಒಳ್ಳೇದಲ್ವಾ

ನಾನು: ಒಂದಡಿ ದೂರದಿಂದ ನೋಡಿದ್ರೆ ಅದಕ್ಕಿಂತ ಸಣ್ಣದು ಕಣ್ಣಿಗೆ ಬಿಡಿಬಿಡಿಯಾಗಿ ಕಾಣಲ್ಲ. ಹತ್ತಡಿ ದೂರಕ್ಕಾದ್ರೆ 30 ಸಾಕು. ರಸ್ತೇಲಿರೋ ಫ್ಲೆಕ್ಸ್ ಹತ್ರ ಹೋಗಿ ನೋಡು

ಭಾವ: ನಾನು 300 ಡಿಪಿಐ ಮಾಡಿ ಅಂತಾನೇ ಹೇಳಿದ್ದೆ. ಅವ್ರೂ ನನ್ನೆದುರಿಗೇ ಫೋಟೋಶಾಪಲ್ಲಿ 300 ಅಂತ ಹಾಕಿದ್ರು

ನಾನು: ಭಾವ, ನಂಬರ್ ಬದಲಾಯಿಸಿದ್ರೆ ಹೊಸ ವಿವರ ಎಲ್ಲಿಂದ ಬರುತ್ತೆ. ಆ ಫೈಲ್ ಈಗ ನೋಡ್ದೆ, 1600×1067 ಅಷ್ಟೇ, 18 ಇಂಚಿಗೆ ಹಂಚಿದ್ರೆ ಇಂಚಿಗೆ 89 ಪಿಕ್ಸೆಲ್. ಅಕ್ಕನ ಕ್ಯಾಮೆರಾದಲ್ಲಿ ಅದೇ ಫೋಟೋ 6000×4000 ಇತ್ತು, 12×18ಕ್ಕೆ ಬೇಕಾದ್ದು 5400×3600, ಧಾರಾಳ ಆಗ್ತಿತ್ತು. ವಾಟ್ಸಾಪಲ್ಲಿ ಹಾಕಿದಾಗ ಕುಗ್ಗಿದೆ. ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಹಾಗೇ ಬರ್ತಿತ್ತು

ಅಕ್ಕ: ನಾನು ಪೆನ್‌ಡ್ರೈವಲ್ಲಿ ಕೊಡ್ತೀನಿ ಅಂದಿದ್ದೆ!! ಬೇಡ, ಗುಂಪಿಗೆ ಹಾಕು, ಅಳಿಯಂದ್ರು ಅಲ್ಲಿಂದ್ಲೇ ಕಳಿಸ್ತಾರೆ ಅಂದೋರು ಯಾರು?

ಪುಟ್ಟಿ: ದೊಡ್ಡಪ್ಪ. ಆ ಮೆಸೇಜ್ ಇಲ್ಲೇ ಇದೆ, ಮೇಲೆ ಹೋಗಿ ನೋಡಿ

ದೊಡ್ಡಪ್ಪ: ಎಲ್ರೂ ನೋಡ್ಲಿ ಅಂತ ಅಂದಿದ್ದು ತಪ್ಪಾ

ನಾನು: ತಪ್ಪಲ್ಲ ದೊಡ್ಡಪ್ಪ. ಆದ್ರೆ ಅಜ್ಜನದು ಹಾಗೆ ಮಾಡೋದ್ ಬೇಡ. ಗುಂಪಲ್ಲಿರೋದು ಗೋಡೆ ಮೇಲಿರೋ ಫ್ರೇಮನ್ನ ಗಾಜಿನ ಸಮೇತ ಮೊಬೈಲಲ್ಲಿ ತೆಗೆದದ್ದು, ಅಜ್ಜನ ಹಣೆ ಮೇಲೇ ಟ್ಯೂಬ್‌ಲೈಟ್ ಹೊಳೀತಿದೆ. ಅತ್ತೆ ಆಲ್ಬಮಲ್ಲಿ 4×6 ಇದೆಯಲ್ಲ, ಮೂರು ಪಟ್ಟು ದೊಡ್ಡದು ಮಾಡೋದಾದ್ರೆ 300ರ ಮೂರರಷ್ಟು, 900ರಲ್ಲಿ ಸ್ಕ್ಯಾನ್ ಆಗ್ಬೇಕು, ಸ್ಕ್ಯಾನರಲ್ಲಿ ಅದಿಲ್ದಿದ್ರೆ 1200

ಹಾಸನ ಅತ್ತೆ: ಆಲ್ಬಮ್ ಕೊಡಲ್ಲಪ್ಪ. ಹೋದ್ಸಲ ಅಣ್ಣನ ಮನೆಗೆ ಹೋಗಿ ಬಂದಾಗ ಎರಡು ಫೋಟೋ ಇರ್ಲಿಲ್ಲ

ದೊಡ್ಡಪ್ಪ: ನಾನೇನ್ ತಿಂದ್ನಾ

ದುಬೈ ಅಣ್ಣ: ಅದ್ರಲ್ಲಿ ನಾನು ಎಮ್ಮೆ ಮೇಲೆ ಕೂತಿದ್ದು ಇತ್ತಲ್ವಾ ಅತ್ತೆ??

ಹಾಸನ ಅತ್ತೆ: ಅದೇ ಕಣೋ ಹೋಗಿದ್ದು. ಭಾನುವಾರ ಆಲ್ಬಮ್ ನಾನೇ ಹಿಡ್ಕೊಂಡ್ ಬರ್ತೀನಿ, ಸ್ಕ್ಯಾನ್ ಆಗೋವರ್ಗೂ ಪಕ್ಕದಲ್ಲೇ ಕೂತಿರ್ತೀನಿ

ದೊಡ್ಡಪ್ಪ: ಆಯ್ತು. ಸ್ಟುಡಿಯೋಗೆ ಮಾತ್ರ ಅಳಿಯಂದ್ರೇ ಹೋಗ್ಬೇಕು. ನನ್ನ ಅರವತ್ತರದ್ದೂ ಇನ್ನೊಂದ್ಸಲ ಹಾಕ್ಸಿ, ದುಡ್ಡು ನಾನು ಕೊಡ್ತೀನಿ

ಭಾವ: ಆಗ್ಲಿ ಮಾವ. ಪೆನ್‌ಡ್ರೈವ್ ತಗೊಂಡ್ ಹೋಗ್ತೀನಿ