ಅಪ್‌ಡೇಟ್: ಮಿಲಿಟರಿಯಲ್ಲಿರೋ ತಮ್ಮನ ಹಿಮ್ಮಡಿ ನೋವು, ಲೇಸರ್ ಚಿಕಿತ್ಸೆ

ತಮ್ಮ ರಜೆಗೆ ಮಡಿಕೇರಿಗೆ ಬಂದಾಗ ಹಿಮ್ಮಡಿ ಮೇಲಿನ ಅಕಿಲಿಸ್ ಸ್ನಾಯುರಜ್ಜು (ಮೀನಖಂಡವನ್ನ ಹಿಮ್ಮಡಿಗೆ ಜೋಡಿಸೋ ಗಟ್ಟಿ ಹುರಿ) ಊದಿ ಓಡೋಕೇ ಆಗ್ತಿಲ್ಲ, ಬೆಳಕಿನ ಚಿಕಿತ್ಸೆ ಕೆಲಸ ಮಾಡುತ್ತಾ ಅಂತ ಕೇಳಿದ್ದೆನಲ್ಲ, ಅದರ ಕಥೆ ಇದು. ಈಗ ಆರಾಮಾಗಿದ್ದಾನೆ, ಡ್ಯೂಟಿಗೆ ವಾಪಸ್ ಹೋಗಿ ಬೆಳಗಿನ ಓಟಕ್ಕೂ ಇಳಿದಿದ್ದಾನೆ.

ಆನ್‌ಲೈನ್‌ನಲ್ಲಿ ಸಿಗೋ ಕೆಂಪು ಎಲ್‌ಇಡಿ ಪಟ್ಟಿ ಕಟ್ಟಿ ನೋಡಿದ್ವಿ, ಬೆಚ್ಚಗಾಯ್ತು ಅಷ್ಟೇ. ಫಲ ಕೊಟ್ಟಿದ್ದು "ಫಿಸಿಯೋ ಹತ್ರ ಲೇಸರ್ ಜೊತೆ ವ್ಯಾಯಾಮಾನೂ ಮಾಡ್ಸಿ" ಅಂದವರ ಸಲಹೆ. ಪೆನ್ನಿನಂಥ ತುದೀನ ಚರ್ಮಕ್ಕೆ ಒತ್ತಿ, ಒಂದೊಂದೇ ಜಾಗಕ್ಕೆ 800–900 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ಬೆಳಕು ಬಿಡ್ತಾರೆ. ಕಣ್ಣಿಗೆ ಕಾಣಲ್ಲ, ಬಿಸೀನೂ ಇಲ್ಲ, ಆದ್ರೆ ಇಬ್ಬರಿಗೂ ಕನ್ನಡಕ ಕಡ್ಡಾಯ. ಆಮೇಲೆ ಮೆಟ್ಟಿಲ ಅಂಚಲ್ಲಿ ತುದಿಗಾಲಲ್ಲಿ ನಿಂತು ಹಿಮ್ಮಡೀನ ನಿಧಾನಕ್ಕೆ ಕೆಳಗಿಳಿಸೋದು. ನನ್ನ ಕೇಳಿದ್ರೆ ಮುಕ್ಕಾಲು ಪಾಲು ಶ್ರೇಯಸ್ಸು ಈ ವ್ಯಾಯಾಮಕ್ಕೇ.

ಸೋಜಿಗ ಅನ್ನಿಸಿದ್ದು: 1960ರ ದಶಕದಲ್ಲಿ ಹಂಗೇರಿಯ ಎಂಡ್ರೆ ಮೆಸ್ಟರ್ ಅನ್ನೋ ವೈದ್ಯರು ಕೂದಲು ಬೋಳಿಸಿದ ಇಲಿಗಳಿಗೆ ಲೇಸರ್ ಬಿಟ್ಟಾಗ ಕೂದಲು ಬೇಗ ಬೆಳೀತಂತೆ. ಈ ಚಿಕಿತ್ಸೆ ಶುರುವಾಗಿದ್ದೇ ಅಲ್ಲಿಂದ! ಇನ್ನೊಂದು, ಬೆಳಕು ಜಾಸ್ತಿ ಕೊಟ್ರೆ ಗುಣ ಕಡಿಮೆ ಆಗ್ಬಹುದಂತೆ. "ಇನ್ನೊಂದ್ಸಲ ಬಿಡಿ ಸಾರ್" ಅಂತ ತಮ್ಮ ಎಷ್ಟು ಗೋಗರೆದ್ರೂ ಫಿಸಿಯೋ ಒಪ್ಪಲಿಲ್ಲ.