ಕನೆಕ್ಟರ್ ಓಡುತ್ತಿದೆ, ಡೇಟಾ ಮಾತ್ರ ಬರುತ್ತಿಲ್ಲ: ಕಾಫ್ಕಾ ಕನೆಕ್ಟ್‌ನಲ್ಲಿ ಡೀಬಗ್ ಲಾಗ್ ಹಾಕುವುದು ಹೇಗೆ?

ಪ್ರಶ್ನೆ:

ಮೇಡಂ, ನಮಸ್ಕಾರ. ಹುಬ್ಬಳ್ಳಿಯ ಒಂದು ಸಣ್ಣ ಲಾಜಿಸ್ಟಿಕ್ಸ್ ಕಂಪನಿಯಲ್ಲಿ ಬ್ಯಾಕ್‌ಎಂಡ್ ಕೆಲಸ ನನ್ನದು. ನಮ್ಮ ಆರ್ಡರ್ ಟೇಬಲ್ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಅಲ್ಲಿಂದ ಕಾಫ್ಕಾಗೆ (ಸಿಸ್ಟಮ್‌ಗಳ ನಡುವೆ ಮೆಸೇಜ್ ಸಾಗಿಸುವ ಸಾಫ್ಟ್‌ವೇರ್) ಡೇಟಾ ಕಳಿಸಲು ಕನ್‌ಫ್ಲುಯೆಂಟ್‌ನ ಜೆಡಿಬಿಸಿ ಸೋರ್ಸ್ ಕನೆಕ್ಟರ್ ಹಾಕಿದ್ದೇವೆ. ಟೈಮ್‌ಸ್ಟ್ಯಾಂಪ್ ಮೋಡ್, ಮೂರು ವರ್ಕರ್ (ಕನೆಕ್ಟರ್ ಓಡಿಸುವ ಪ್ರಾಸೆಸ್, ಒಂದೊಂದು ಮೆಷಿನ್‌ನಲ್ಲಿ ಒಂದು), ಕಾಫ್ಕಾ 3.7.

ಸ್ಟೇಟಸ್ ಕೇಳಿದರೆ ಕನೆಕ್ಟರ್ ರನ್ನಿಂಗ್, ಟಾಸ್ಕ್ ಕೂಡ ರನ್ನಿಂಗ್. ಲಾಗ್‌ನಲ್ಲಿ ಒಂದು ಎರರ್ ಇಲ್ಲ. ಆದರೂ ಹೊಸ ಆರ್ಡರ್ ಕಾಫ್ಕಾದ ಟಾಪಿಕ್‌ಗೆ (ಮೆಸೇಜ್ ಸೇರುವ ಪಟ್ಟಿ) ಬರುತ್ತಿಲ್ಲ. ವಿಚಿತ್ರ ಅಂದರೆ, ಬೆಳಿಗ್ಗೆ ಬಂದ ಆರ್ಡರ್ ಮಧ್ಯಾಹ್ನದ ಮೇಲೆ ನೋಡಿದರೆ ಅಲ್ಲಿರುತ್ತದೆ. ನಮ್ಮ ಸೀನಿಯರ್ "ಎಲ್ಲದಕ್ಕೂ ಟ್ರೇಸ್ ಹಾಕು" ಅಂದರು, ಅಂದರೆ ಅತಿ ವಿವರದ ಲಾಗ್. ಹಾಕಿದೆ. ಸ್ವಲ್ಪ ಹೊತ್ತಿಗೆ ಡಿಸ್ಕ್ ಅಲರ್ಟ್ ಬಂತು, ಬೈಸಿಕೊಂಡು ವಾಪಸ್ ತೆಗೆದೆ. ಆ ಲಾಗ್ ಓದಿದರೂ ಏನೂ ಅರ್ಥವಾಗಲಿಲ್ಲ. ಲೆವೆಲ್ ಬದಲಿಸಲು ಪ್ರತಿ ಸಲ ವರ್ಕರ್ ರೀಸ್ಟಾರ್ಟ್ ಮಾಡಲೇಬೇಕಾ? ಏನನ್ನು ಹುಡುಕಬೇಕು?

ಉತ್ತರ:

ನಮಸ್ಕಾರ. ಮೊದಲು ರೀಸ್ಟಾರ್ಟ್ ವಿಷಯ ಮುಗಿಸೋಣ. ಬೇಡ. ಕಾಫ್ಕಾ 2.4ರಿಂದ, ಅಂದರೆ 2019ರ ಕೊನೆಯಿಂದ, ಓಡುತ್ತಿರುವ ವರ್ಕರ್‌ನ ಲಾಗ್ ಲೆವೆಲ್ ಅನ್ನು ರೆಸ್ಟ್ ಎಪಿಐ (ವೆಬ್ ವಿಳಾಸಕ್ಕೆ ಆಜ್ಞೆ ಕಳಿಸುವ ದಾರಿ: ಗೆಟ್ ಓದಲು, ಪುಟ್ ಬದಲಿಸಲು) ಮೂಲಕವೇ ಬದಲಿಸಬಹುದು. ಲೆವೆಲ್ ಅಂದರೆ ಲಾಗ್ ಎಷ್ಟು ವಿವರ ಬರೆಯಬೇಕು ಎಂಬುದು: ಇನ್ಫೋ ಮಾಮೂಲಿ, ಡೀಬಗ್ ಜಾಸ್ತಿ, ಟ್ರೇಸ್ ಇನ್ನೂ ಜಾಸ್ತಿ. ಕನೆಕ್ಟ್‌ನ ಮಾಮೂಲಿ ಪೋರ್ಟ್ 8083. ಅದರಲ್ಲಿ "ಅಡ್ಮಿನ್/ಲಾಗರ್ಸ್" ಎಂಬ ವಿಳಾಸಕ್ಕೆ ಗೆಟ್ ಮಾಡಿದರೆ ಈಗ ಯಾವ ಲಾಗರ್ (ಲಾಗ್ ಬರೆಯುವ ಕೋಡ್ ಭಾಗ) ಯಾವ ಲೆವೆಲ್‌ನಲ್ಲಿದೆ ಎಂದು ತೋರಿಸುತ್ತದೆ. ಅದೇ ವಿಳಾಸದ ಕೊನೆಗೆ ಲಾಗರ್ ಹೆಸರು ಸೇರಿಸಿ, ಒಳಗೆ "ಲೆವೆಲ್: ಡೀಬಗ್" ಎಂಬ ಜೇಸನ್ ಇಟ್ಟು ಪುಟ್ ಮಾಡಿದರೆ ಆ ಕ್ಷಣವೇ ಜಾರಿ. (ಇಲ್ಲಿ ಓದಲು ಸುಲಭ ಅಂತ ಎಲ್ಲಾ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೆಸರುಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ.)

ಇನ್ನು ನಿಮ್ಮ ಸೀನಿಯರ್ ಸಲಹೆ. ರೂಟ್‌ಗೆ, ಅಂದರೆ ಎಲ್ಲಾ ಲಾಗರ್‌ಗೂ ಒಟ್ಟಿಗೆ, ಟ್ರೇಸ್ ಹಾಕುವುದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ಕಾಫ್ಕಾ ಕ್ಲೈಂಟ್‌ನ ಹಾರ್ಟ್‌ಬೀಟ್, ಫೆಚ್, ನೆಟ್‌ವರ್ಕ್ ಮಾತುಕತೆ, ವೆಬ್ ಸರ್ವರ್‌ನ ಸದ್ದು ಎಲ್ಲಾ ಒಟ್ಟಿಗೆ ಬಂದು ಬೀಳುತ್ತದೆ. ಸಂತೆ ಮಧ್ಯೆ ನಿಂತು ಫೋನ್‌ನಲ್ಲಿ ಮಾತಾಡಿದ ಹಾಗೆ, ನಿಮಗೆ ಬೇಕಾದ ಒಂದು ಮಾತು ಕೇಳಿಸುವುದೇ ಇಲ್ಲ. ಡಿಸ್ಕ್ ತುಂಬಿದ್ದರಲ್ಲೂ ಆಶ್ಚರ್ಯವಿಲ್ಲ. 3.x ಜೊತೆಗೆ ಬರುವ ಲಾಗ್ ಸೆಟ್ಟಿಂಗ್ ಫೈಲ್ ತಾರೀಖಿನ ಮೇಲೆ ಫೈಲ್ ಬದಲಿಸುತ್ತದೆ, ಅಷ್ಟೇ. ಗಾತ್ರಕ್ಕೆ ಮಿತಿ ಇಲ್ಲ, ಹಳೆಯದನ್ನು ಅಳಿಸುವುದೂ ಇಲ್ಲ.

ಪ್ರಶ್ನೆ ಚಿಕ್ಕದು ಮಾಡಿಕೊಳ್ಳಿ. ನಿಮಗೆ ಬೇಕಾಗಿರುವುದು ಒಂದೇ: ಕನೆಕ್ಟರ್ ಡೇಟಾಬೇಸ್‌ಗೆ ಯಾವ ಸಮಯದಿಂದ ಯಾವ ಸಮಯದವರೆಗಿನ ಸಾಲು ಕೇಳುತ್ತಿದೆ? ಟೈಮ್‌ಸ್ಟ್ಯಾಂಪ್ ಮೋಡ್‌ನಲ್ಲಿ ಅದು ಹಾಕುವ ಕ್ವೆರಿಗೆ ಎರಡು ಗಡಿ ಇರುತ್ತವೆ. ಕಳೆದ ಸಲ ಓದಿದ ಕೊನೆಯ ಸಮಯಕ್ಕಿಂತ ಜಾಸ್ತಿ, ಈಗಿನ ಸಮಯಕ್ಕಿಂತ ಕಡಿಮೆ. ಈ ಎರಡೂ ಬೆಲೆಗಳನ್ನು ಕನೆಕ್ಟರ್ ಡೀಬಗ್‌ನಲ್ಲಿ ಬರೆಯುತ್ತದೆ. ಟ್ರೇಸ್‌ವರೆಗೂ ಹೋಗಬೇಕಿಲ್ಲ. ಲಾಗರ್ ಹೆಸರು "ಐಓ.ಕನ್‌ಫ್ಲುಯೆಂಟ್.ಕನೆಕ್ಟ್.ಜೆಡಿಬಿಸಿ". ಅದೊಂದಕ್ಕೆ ಹಾಕಿ, ಮಿಕ್ಕಿದ್ದೆಲ್ಲಾ ಇನ್ಫೋದಲ್ಲೇ ಇರಲಿ.

ಒಂದು ಎಚ್ಚರಿಕೆ. ಲಾಗರ್ ಹೆಸರಿನಲ್ಲಿ ಅಕ್ಷರ ತಪ್ಪಿದರೆ ಅದು ಬೈಯುವುದಿಲ್ಲ. "ಸರಿ" ಅಂದು ಆ ತಪ್ಪು ಹೆಸರಿಗೇ ಲೆವೆಲ್ ಹಾಕಿ ಸುಮ್ನೆ ಕೂರುತ್ತದೆ. ಪುಟ್ ಮಾಡಿದ ಮೇಲೆ ಯಾವ ಯಾವ ಲಾಗರ್ ಬದಲಾಯಿತು ಎಂಬ ಪಟ್ಟಿ ಉತ್ತರವಾಗಿ ಬರುತ್ತದೆ. ಅದರಲ್ಲಿ ಕನೆಕ್ಟರ್‌ನ ಒಳಗಿನ ಕ್ಲಾಸ್‌ಗಳು ಸಾಲಾಗಿ ಕಾಣಬೇಕು. ನೀವು ಕೊಟ್ಟ ಹೆಸರೊಂದೇ ವಾಪಸ್ ಬಂದರೆ ಅನುಮಾನಪಡಿ.

ಪ್ರಶ್ನೆ ಕೇಳಿದವರು:

ಹಾಕಿದೆ ಮೇಡಂ, ಪಟ್ಟಿಯೂ ಬಂತು. ಆದರೆ ಲಾಗ್‌ನಲ್ಲಿ ಹೊಸ ಸಾಲು ಒಂದೂ ಇಲ್ಲ!

ಉತ್ತರ:

ನೀವು ಬದಲಿಸಿದ್ದು ಒಂದು ವರ್ಕರ್‌ನಲ್ಲಿ, ಟಾಸ್ಕ್ ಓಡುತ್ತಿರುವುದು ಇನ್ನೊಂದರಲ್ಲಿ. ಹೌದಲ್ವಾ? ಸ್ಟೇಟಸ್ ಉತ್ತರವನ್ನು ಮತ್ತೆ ನೋಡಿ. ಟಾಸ್ಕ್ ಪಕ್ಕದಲ್ಲಿ ವರ್ಕರ್ ಐಡಿ ಇರುತ್ತದೆ. ಕನೆಕ್ಟರ್‌ಗೂ ಒಂದು ವರ್ಕರ್ ಐಡಿ ಇರುತ್ತದೆ, ಅದನ್ನು ನೋಡಬೇಡಿ. ಡೇಟಾ ಓದುವುದು ಟಾಸ್ಕ್. ಆ ಮೆಷಿನ್‌ಗೇ ಪುಟ್ ಕಳಿಸಿ.

ನಿಮ್ಮದು 3.7 ಆದ್ದರಿಂದ ಇನ್ನೂ ಸುಲಭದ ದಾರಿ ಇದೆ. ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ "ಸ್ಕೋಪ್=ಕ್ಲಸ್ಟರ್" ಸೇರಿಸಿದರೆ ಮೂರೂ ವರ್ಕರ್‌ಗೆ ಹೋಗುತ್ತದೆ. ಆಗ ಮಾತ್ರ ಪಟ್ಟಿ ಬರುವುದಿಲ್ಲ, ಖಾಲಿ 204 ಬರುತ್ತದೆ. ಗಾಬರಿ ಬೇಡ. ರೀಬ್ಯಾಲೆನ್ಸ್ (ವರ್ಕರ್‌ಗಳ ನಡುವೆ ಕೆಲಸದ ಮರುಹಂಚಿಕೆ) ಆಗಿ ಟಾಸ್ಕ್ ಬೇರೆ ಮೆಷಿನ್‌ಗೆ ಜಿಗಿದರೂ ಲಾಗ್ ತಪ್ಪುವುದಿಲ್ಲ. ಅದೇ ಇದರ ಲಾಭ.

ಮೂರು ಮೆಷಿನ್‌ನ ಲಾಗ್ ಒಂದೇ ಕಡೆ ಸೇರಿಸುತ್ತೀರಾದರೆ ಸಾಲಿನ ಶುರುವಿನಲ್ಲಿ ಚೌಕ ಕಂಸದೊಳಗೆ ಕನೆಕ್ಟರ್ ಹೆಸರು, ಗೀಟು, ಟಾಸ್ಕ್ ನಂಬರ್ ಇರುತ್ತದೆ. "[ಆರ್ಡರ್ಸ್-ಸೋರ್ಸ್|ಟಾಸ್ಕ್-0]" ಹೀಗೆ. ಅದನ್ನೇ ಹಿಡಿದು ಗ್ರೆಪ್ ಮಾಡಿ, ಅಂದರೆ ಅದಿರುವ ಸಾಲುಗಳನ್ನಷ್ಟೇ ಹುಡುಕಿ. ಕಾಣದಿದ್ದರೆ ಯಾರೋ ನಿಮ್ಮ ಲಾಗ್ ಪ್ಯಾಟರ್ನ್‌ನಿಂದ "ಕನೆಕ್ಟರ್.ಕಾಂಟೆಕ್ಸ್ಟ್" ತೆಗೆದಿದ್ದಾರೆ. ವಾಪಸ್ ಹಾಕಿಸಿ.

ಇನ್ನೊಬ್ಬ ಸದಸ್ಯರು:

ನಮ್ಮಲ್ಲಿ ಅಡ್ಮಿನ್ ವಿಳಾಸಕ್ಕೆ ಹೋದರೆ 404 ಬರುತ್ತದೆ. ಕನೆಕ್ಟರ್ ಪಟ್ಟಿ ಮಾತ್ರ ಸರಿಯಾಗಿ ಬರುತ್ತದೆ. ಹಳೇ ವರ್ಷನ್ ಅಲ್ಲ, 3.4.

ಉತ್ತರ:

ವರ್ಕರ್ ಕಾನ್ಫಿಗ್‌ನಲ್ಲಿ "ಅಡ್ಮಿನ್.ಲಿಸನರ್ಸ್" ಇದೆಯಾ ನೋಡಿ ಸರ್. ಬೇರೆ ಪೋರ್ಟ್ ಕೊಟ್ಟಿದ್ದರೆ ಅಲ್ಲಿಗೇ ಹೋಗಬೇಕು. ಖಾಲಿ ಬಿಟ್ಟಿದ್ದರೆ ಬಾಗಿಲು ಪೂರ್ತಿ ಮುಚ್ಚಿದೆ. ಸೆಕ್ಯೂರಿಟಿ ಟೀಮ್ ಬೇಕಂತಲೇ ಮಾಡಿರಬಹುದು, ಕೇಳಿಯೇ ಮುಂದುವರಿಯಿರಿ. ನಿಮ್ಮ 3.4ರಲ್ಲಿ ಕ್ಲಸ್ಟರ್ ಸ್ಕೋಪ್ ಇಲ್ಲ, ಒಂದೊಂದು ವರ್ಕರ್‌ಗೂ ಬೇರೆ ಬೇರೆ ಕಳಿಸಬೇಕು.

ಪ್ರಶ್ನೆ ಕೇಳಿದವರು:

ಸಿಕ್ಕಿತು ಮೇಡಂ. ನಾನು ನೋಡುವಾಗ ಗಡಿಯಾರದಲ್ಲಿ ಬೆಳಿಗ್ಗೆ 11:12. ಲಾಗ್‌ನಲ್ಲಿ ಶುರುವಿನ ಸಮಯ 05:38, ಎಂಡ್ ಟೈಮ್ 05:42. ಪ್ರತಿ ಸಲ ಡೇಟಾಬೇಸ್ ಕೇಳಿದಾಗಲೂ ಎಂಡ್ ಟೈಮ್ ಮುಂದೆ ಹೋಗುತ್ತಿದೆ, ಆದರೆ ಯಾವಾಗಲೂ ಐದೂವರೆ ಗಂಟೆ ಹಿಂದೆ. ಟೈಮ್‌ಝೋನ್ ಅಲ್ವಾ ಇದು?

ಉತ್ತರ:

ಹೌದು, ಅದೇ. ಐದೂವರೆ ಗಂಟೆ ಕಂಡರೆ ಭಾರತದಲ್ಲಿ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ.

ನಿಮ್ಮ ಕಾಲಂ ಟೈಪ್ "ಟೈಮ್‌ಸ್ಟ್ಯಾಂಪ್ ವಿದೌಟ್ ಟೈಮ್ ಝೋನ್" ಇರಬೇಕು, ಮತ್ತು ಆ್ಯಪ್ ಅದರೊಳಗೆ ನಮ್ಮ ಗೋಡೆ ಗಡಿಯಾರದ ಸಮಯ ಬರೆಯುತ್ತಿರಬೇಕು. ಕನೆಕ್ಟರ್‌ನಲ್ಲಿ "ಡಿಬಿ.ಟೈಮ್‌ಝೋನ್" ಅಂತ ಒಂದು ಸೆಟ್ಟಿಂಗ್ ಇದೆ. ಏನೂ ಹೇಳದಿದ್ದರೆ ಯುಟಿಸಿ, ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ಕನೆಕ್ಟರ್ ಮೊದಲು ಪೋಸ್ಟ್‌ಗ್ರೆಸ್‌ನ ಈಗಿನ ಸಮಯ ಕೇಳುತ್ತದೆ. ಝೋನ್ ಸಮೇತ ಸರಿಯಾದ ಉತ್ತರವೇ ಸಿಗುತ್ತದೆ. ಅದನ್ನು ಕ್ವೆರಿಗೆ ಇಡುವಾಗ ಯುಟಿಸಿಗೆ ತಿರುಗಿಸಿ 05:42 ಎಂದು ಇಡುತ್ತದೆ. ಕಾಲಂನಲ್ಲಿ ಝೋನ್ ಇಲ್ಲ, ಹಾಗಾಗಿ ಪೋಸ್ಟ್‌ಗ್ರೆಸ್ ಬರೀ ಅಂಕಿ ಹೋಲಿಸುತ್ತದೆ. 11:10ಕ್ಕೆ ಬಂದ ಆರ್ಡರ್ 05:42ಕ್ಕಿಂತ ಮುಂದಿನದು, ಅಂದರೆ ಇನ್ನೂ ಹುಟ್ಟೇ ಇಲ್ಲ! ಸಂಜೆ 4:40 ದಾಟಿದ ಮೇಲೆ ಅದು ಸಿಗುತ್ತದೆ. ಎಲ್ಲೂ ಎರರ್ ಇಲ್ಲದ್ದು ಇದಕ್ಕೇ. ಕನೆಕ್ಟರ್ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತಿದೆ.

ಪರಿಹಾರ: ಡಿಬಿ.ಟೈಮ್‌ಝೋನ್‌ಗೆ "ಏಷ್ಯಾ/ಕೋಲ್ಕತಾ" (ಇದನ್ನು ಮಾತ್ರ Asia/Kolkata ಎಂದು ದೊಡ್ಡಕ್ಷರ ಸಮೇತ ಬರೆಯಿರಿ).

ಆದರೆ ಈಗಲೇ ಬದಲಿಸಬೇಡಿ, ದಯವಿಟ್ಟು. ಇದರಲ್ಲಿ ಒಂದು ಗುಂಡಿ ಇದೆ.

ಸಂಜೆ 6ಕ್ಕೆ ಬದಲಿಸಿದಿರಿ ಅಂದುಕೊಳ್ಳಿ. ಅಷ್ಟು ಹೊತ್ತಿಗೆ ಕನೆಕ್ಟರ್ ಮಧ್ಯಾಹ್ನ 12:30ರವರೆಗಿನ ಸಾಲು ಓದಿರುತ್ತದೆ. ಓದುವಾಗಲೂ ಅದು ಯುಟಿಸಿ ಎಂದೇ ನಂಬಿತ್ತು. ಹಾಗಾಗಿ ಆಫ್‌ಸೆಟ್‌ನಲ್ಲಿ (ಎಲ್ಲಿಯವರೆಗೆ ಓದಿದೆ ಎಂಬ ಗುರುತು) "12:30 ಯುಟಿಸಿ" ಎಂದು ಬರೆದಿಟ್ಟಿದೆ. ಹೊಸ ಸೆಟ್ಟಿಂಗ್ ಬಂದ ಮೇಲೆ ಅದೇ ಆಫ್‌ಸೆಟ್ ನಮ್ಮ ಸಮಯಕ್ಕೆ ತಿರುಗಿ ಸಂಜೆ 6:00 ಆಗುತ್ತದೆ. ಮುಂದಿನ ಕ್ವೆರಿ 6ರಿಂದ ಶುರು. ನಡುವಿನ ಐದೂವರೆ ಗಂಟೆಯ ಆರ್ಡರ್‌ಗಳು ಎಂದೂ ಬರುವುದಿಲ್ಲ. ಈಗ ತಡವಾಗಿಯಾದರೂ ಬರುತ್ತಿವೆ, ಆಗ ಕಳೆದೇ ಹೋಗುತ್ತವೆ. ಲಾಗ್‌ನಲ್ಲಿ ಆಗಲೂ ಒಂದು ಎರರ್ ಇರುವುದಿಲ್ಲ.

ಹೀಗೆ ಮಾಡಿ. ಕನೆಕ್ಟರ್ ಅನ್ನು "ಸ್ಟಾಪ್" ಮಾಡಿ. ಪಾಜ್ (ತಾತ್ಕಾಲಿಕ ತಡೆ) ಸಾಲದು, ಸ್ಟಾಪ್ ಬೇರೆ ಎಂಡ್‌ಪಾಯಿಂಟ್. ಆಮೇಲೆ ಅದೇ ಕನೆಕ್ಟರ್‌ನ ಆಫ್‌ಸೆಟ್ಸ್ ವಿಳಾಸಕ್ಕೆ ಗೆಟ್ ಮಾಡಿ, ಬಂದ ಜೇಸನ್ ಅನ್ನು ಒಂದು ಕಡೆ ಉಳಿಸಿಕೊಳ್ಳಿ. ಅದರಲ್ಲಿ ಟೈಮ್‌ಸ್ಟ್ಯಾಂಪ್ ಮಿಲಿಸೆಕೆಂಡ್‌ನಲ್ಲಿರುತ್ತದೆ. ಅದರಿಂದ 1,98,00,000 ಕಳೆಯಿರಿ. ಐದೂವರೆ ಗಂಟೆ ಅಂದರೆ ಅಷ್ಟು ಮಿಲಿಸೆಕೆಂಡ್. ಪಾರ್ಟಿಷನ್ ಭಾಗವನ್ನು ಒಂದಕ್ಷರವೂ ಮುಟ್ಟದೆ ಪ್ಯಾಚ್ ಕಳಿಸಿ. ಇದು ಕಾಫ್ಕಾ 3.6ರಿಂದ ಇದೆ, ನಿಮಗೆ ಸಿಗುತ್ತದೆ. ನಂತರ ಟೈಮ್‌ಝೋನ್ ಬದಲಿಸಿ ರಿಸ್ಯೂಮ್ ಮಾಡಿ. ಡೀಬಗ್ ಇನ್ನೂ ಹಾಕಿಯೇ ಇರಲಿ. ಮೊದಲ ಕ್ವೆರಿಯಲ್ಲಿ ಶುರುವಿನ ಸಮಯ ಕೊನೆಗೆ ಓದಿದ ಆರ್ಡರ್‌ನ ಸಮಯಕ್ಕೂ, ಎಂಡ್ ಟೈಮ್ ಗಡಿಯಾರಕ್ಕೂ ಸರಿಹೊಂದಬೇಕು.

ಇನ್ನೊಂದು ಮಾತು. ಇಷ್ಟು ದಿನ ಟಾಪಿಕ್‌ಗೆ ಹೋದ ರೆಕಾರ್ಡ್‌ಗಳೊಳಗಿನ ಸಮಯವೂ ಐದೂವರೆ ಗಂಟೆ ಮುಂದಿದೆ. ಅದನ್ನು ಓದುವ ಟೀಮ್‌ನವರು ಯಾರಾದರೂ ತಮ್ಮ ಕೋಡ್‌ನಲ್ಲಿ ಐದೂವರೆ ಗಂಟೆ ಕಳೆದುಕೊಂಡು ಕೂತಿರಬಹುದು. ಇಂಥ ತೇಪೆ ನಮ್ಮ ಆಫೀಸುಗಳಲ್ಲಿ ಬೇಕಾದಷ್ಟಿವೆ. ಬದಲಿಸುವ ಮೊದಲು ಅವರಿಗೆ ಒಂದು ಫೋನ್ ಮಾಡಿ.

ಮತ್ತೊಬ್ಬ ಸದಸ್ಯೆ:

ಅಕ್ಕಾ, ನಮ್ಮದು ಸಿಂಕ್ ಕನೆಕ್ಟರ್, ಕಾಫ್ಕಾದಿಂದ ಹೊರಗೆ ಡೇಟಾ ಕಳಿಸುವುದು. ಕೆಟ್ಟ ಮೆಸೇಜ್ ಒಂದು ಬಂದರೆ ಟಾಸ್ಕ್ ಫೇಲ್ ಆಗುತ್ತದೆ. ಡೀಬಗ್ ಹಾಕಿದೆ, ಯಾವ ಮೆಸೇಜ್ ಅಂತ ಗೊತ್ತಾಗುತ್ತಿಲ್ಲ.

ಉತ್ತರ:

ಅದಕ್ಕೆ ಲಾಗ್ ಲೆವೆಲ್ ಬೇಡಮ್ಮ. ಕನೆಕ್ಟರ್ ಕಾನ್ಫಿಗ್‌ನಲ್ಲೇ "ಎರರ್ಸ್.ಲಾಗ್.ಎನೇಬಲ್" ಮತ್ತು "ಎರರ್ಸ್.ಲಾಗ್.ಇನ್‌ಕ್ಲೂಡ್.ಮೆಸೇಜಸ್" ಎರಡನ್ನೂ ಟ್ರೂ ಮಾಡು. ಸಿಂಕ್‌ನಲ್ಲಿ ಇದು ಮೆಸೇಜ್‌ನ ಒಳಗಿನದನ್ನು ಬರೆಯುವುದಿಲ್ಲ. ಟಾಪಿಕ್, ಪಾರ್ಟಿಷನ್, ಆಫ್‌ಸೆಟ್ (ಇಲ್ಲಿ ಮೆಸೇಜ್‌ನ ಕ್ರಮಸಂಖ್ಯೆ), ಸಮಯ ಬರೆಯುತ್ತದೆ. ಆಫ್‌ಸೆಟ್ ಸಿಕ್ಕರೆ ಕನ್ಸೋಲ್ ಕನ್ಸ್ಯೂಮರ್‌ನಲ್ಲಿ ಆ ಒಂದು ಮೆಸೇಜ್ ಎತ್ತಿ ನೋಡಬಹುದು. ಸೋರ್ಸ್ ಕನೆಕ್ಟರ್‌ನಲ್ಲಿ ಇದೇ ಸೆಟ್ಟಿಂಗ್ ಕೀ, ವ್ಯಾಲ್ಯೂ ಸಮೇತ ಎಲ್ಲಾ ಸುರಿಯುತ್ತದೆ, ಅಲ್ಲಿ ಹುಷಾರು.

ಟಾಸ್ಕ್ ನಿಲ್ಲಬಾರದು ಅಂದರೆ "ಎರರ್ಸ್.ಟಾಲರೆನ್ಸ್" ಅನ್ನು ಆಲ್ ಮಾಡಬಹುದು. ಆದರೆ ಡೆಡ್ ಲೆಟರ್ ಕ್ಯೂ (ಕೆಟ್ಟ ಮೆಸೇಜ್ ಎತ್ತಿಡುವ) ಟಾಪಿಕ್ ಕೊಡದೆ ಅದನ್ನು ಹಾಕಬೇಡ. ಕೊಡದಿದ್ದರೆ ಕೆಟ್ಟ ಮೆಸೇಜ್ ಯಾರಿಗೂ ಕಾಣದೆ ಹೋಗುತ್ತದೆ. ಹೆಡರ್ ಸೆಟ್ಟಿಂಗ್ ಕೂಡ ಆನ್ ಮಾಡಿದರೆ ಏಕೆ ಫೇಲ್ ಆಯಿತು ಎಂಬ ಕಾರಣ ಮೆಸೇಜ್ ಜೊತೆಗೇ ಅಂಟಿಕೊಂಡಿರುತ್ತದೆ. ಟೆಸ್ಟ್ ಕ್ಲಸ್ಟರ್‌ನಲ್ಲಿ ಒಂದೇ ಬ್ರೋಕರ್ ಇದ್ದರೆ ಆ ಕ್ಯೂನ ರೆಪ್ಲಿಕೇಷನ್ 1 ಅಂತ ಹೇಳಬೇಕು, ಮಾಮೂಲಿ 3.

ಪ್ರಶ್ನೆ ಕೇಳಿದವರು:

ಮೇಡಂ, ಬದಲಿಸಿದೆ. ಎಂಡ್ ಟೈಮ್ ಈಗ ಗಡಿಯಾರಕ್ಕೆ ಸರಿಯಾಗಿದೆ. ನಡುವಿನ ಆರ್ಡರ್‌ಗಳೂ ಬಂದವು, ಎಣಿಸಿ ನೋಡಿದೆ. ಡೇಟಾ ಓದುವ ಟೀಮ್‌ನ ಒಂದು ರಿಪೋರ್ಟ್‌ನಲ್ಲಿ ನಿಜವಾಗಿಯೂ ಐದೂವರೆ ಗಂಟೆ ಕಳೆಯುವ ಸಾಲು ಇತ್ತು! ಕೊನೆಯ ಪ್ರಶ್ನೆ. ಈ ಡೀಬಗ್ ಒಂದು ಲಾಗರ್‌ಗೆ ಮಾತ್ರ ತಾನೇ, ಹಾಗೇ ಬಿಟ್ಟರೆ ತೊಂದರೆಯಾ? ಮುಂದಿನ ಸಲಕ್ಕೆ ಆಗುತ್ತದೆ ಅಂತ.

ಉತ್ತರ:

ಬಿಡಬೇಡಿ. ಇದೇ ಪುಟ್‌ನಲ್ಲಿ ಇನ್ಫೋ ಕಳಿಸಿ. ವರ್ಕರ್ ರೀಸ್ಟಾರ್ಟ್ ಆದರೆ ಫೈಲ್‌ನಲ್ಲಿರುವ ಲೆವೆಲ್‌ಗೆ ತಾನೇ ಮರಳುತ್ತದೆ, ಆದರೆ ಅದನ್ನು ನಂಬಿ ಕೂರುವುದು ಬೇಡ. ಖಾಯಂ ಬೇಕಾದರೆ ಮಾತ್ರ ಲಾಗ್ ಫೈಲ್ ತಿದ್ದಬೇಕು. ನೀವು 4.0ಗೆ ಹೋದ ಮೇಲೆ ಆ ಫೈಲ್ ಲಾಗ್4ಜೆ2ರ ಯಾಮಲ್ ಆಗಿರುತ್ತದೆ, ಹಳೇ ಪ್ರಾಪರ್ಟೀಸ್ ಸಾಲು ಹಾಗೇ ಅಂಟಿಸಲು ಬರುವುದಿಲ್ಲ.

ಡಿಸ್ಕ್‌ಗಿಂತ ನನಗೆ ಹೆಚ್ಚು ಚಿಂತೆ ಒಳಗಿನ ಮಾಹಿತಿಯದು. ಪಾಸ್‌ವರ್ಡ್ ಟೈಪ್ ಎಂದು ಗುರುತಿಸಿದ ಕಾನ್ಫಿಗ್ ಬೆಲೆಗಳನ್ನು ಕನೆಕ್ಟ್ "ಹಿಡನ್" ಎಂದು ಮುಚ್ಚುತ್ತದೆ. ಮಿಕ್ಕಿದ್ದಕ್ಕೆ ಆ ರಕ್ಷಣೆ ಇಲ್ಲ. ಎಚ್‌ಟಿಟಿಪಿ ಕನೆಕ್ಟರ್‌ಗಳಲ್ಲಿ ಅಪಾಚೆ ಕ್ಲೈಂಟ್‌ನ ವೈರ್ ಲಾಗರ್‌ಗೆ ಡೀಬಗ್ ಹಾಕಿದರೆ ಆಥರೈಸೇಷನ್ ಹೆಡರ್‌ನ ಟೋಕನ್ ಇದ್ದಹಾಗೇ ಲಾಗ್‌ಗೆ ಬೀಳುತ್ತದೆ, ಗ್ರಾಹಕರ ಫೋನ್ ನಂಬರ್, ವಿಳಾಸ ಕೂಡ. ಹೆಡರ್ಸ್ ಲಾಗರ್ ಹಾಕಿದರೆ ಬಾಡಿ ಬರುವುದಿಲ್ಲ, ಟೋಕನ್ ಬಂದೇ ಬರುತ್ತದೆ. 2022ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನದಂತೆ ಕಂಪನಿಗಳು ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಅಂದರೆ ಒಂದು ಮಧ್ಯಾಹ್ನ ಹಾಕಿ ಮರೆತ ಡೀಬಗ್‌ನ ಗ್ರಾಹಕರ ಮಾಹಿತಿ ಆರು ತಿಂಗಳು ನಿಮ್ಮ ಲಾಗ್ ಸ್ಟೋರ್‌ನಲ್ಲಿ ಕೂರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದರ ಹೊಣೆ ಯಾರದ್ದು ಅಂತ ಕೇಳುವವರು ಇದ್ದಾರೆ.

ನಮ್ಮ ಟೀಮ್‌ನಲ್ಲಿ ಡೀಬಗ್ ಹಾಕುವ ಟಿಕೆಟ್‌ನಲ್ಲೇ ತೆಗೆಯುವ ಸಮಯವನ್ನೂ ಬರೆಯುತ್ತೇವೆ. ಆ ಹೊತ್ತಿಗೆ ಇನ್ಫೋ ಕಳಿಸುವ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಆಜ್ಞೆ) ಒಂದನ್ನು ಮೊದಲೇ ಇಟ್ಟಿರುತ್ತೇವೆ. 3.7ರಲ್ಲಿ ಲಾಗರ್ ಪಟ್ಟಿ ಕೇಳಿದರೆ ಲೆವೆಲ್ ಕೊನೆಗೆ ಯಾವಾಗ ಬದಲಾಯಿತು ಎಂಬುದೂ ಮಿಲಿಸೆಕೆಂಡ್‌ನಲ್ಲಿ ಬರುತ್ತದೆ. ಮೂರೂ ವರ್ಕರ್‌ನಲ್ಲಿ ಒಮ್ಮೆ ನೋಡಿಬಿಡಿ. ಮೊದಲ ಸಲ ನೀವು ಒಂದೇ ಮೆಷಿನ್‌ಗೆ ಹಾಕಿದ್ದಿರಲ್ಲ, ಅದೂ ಇಳಿದಿದೆಯಾ ಅಂತ.