ಶಾಲೆಯ ತಿಂಗಳ ಸುದ್ದಿಹಾಳೆ ಯಾರೂ ಓದುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ:
ನಮಸ್ಕಾರ. ಪ್ರಾಥಮಿಕ ಶಾಲೆಯಲ್ಲಿ ಟೀಚರ್ ನಾನು, ಸುದ್ದಿಹಾಳೆಯ ಕೆಲಸ ಈ ವರ್ಷ ನನ್ನ ತಲೆಗೆ ಬಂದಿದೆ. ನಾಲ್ಕು ಪುಟ ತುಂಬಿಸಿ ಕಳಿಸುತ್ತೇವೆ, ಆದರೂ ಪೋಷಕರು ರಜೆ ಯಾವಾಗ, ಕಾರ್ಯಕ್ರಮ ಎಷ್ಟು ಗಂಟೆಗೆ ಅಂತ ಫೋನ್ ಮಾಡುತ್ತಲೇ ಇರುತ್ತಾರೆ. ಜೊತೆಗೆ ಋತುವಿಗೊಂದು ಆಚರಣೆ ಬೇರೆ ಮಾಡಬೇಕಂತೆ. ಎಲ್ಲ ಮಕ್ಕಳೂ ಸೇರುವಂಥದ್ದು ಏನಿದೆ? ಡ್ಯಾನ್ಸ್ ಬಿಟ್ಟು ಹೇಳಿ ಪ್ಲೀಸ್.

ಉತ್ತರ 1:
ನಾಲ್ಕು ಪುಟ ಜಾಸ್ತಿ ಆಯ್ತು ಟೀಚರ್. ಒಂದೇ ಹಾಳೆ ಸಾಕು. ತಾರೀಕುಗಳೆಲ್ಲ ಮೇಲೆ, ದೊಡ್ಡ ಅಕ್ಷರದಲ್ಲಿ, ಗೋಡೆಗೆ ಅಂಟಿಸಿಕೊಳ್ಳುವ ಹಾಗಿರಲಿ. ಹೆಡ್‌ಮಾಸ್ಟರ್ ಸಂದೇಶ ಕೊನೆಗೆ ಹೋಗಲಿ (ನಾನು ಹೇಳಿದೆ ಅನ್ನಬೇಡಿ). ನಡುವೆ ಮಕ್ಕಳೇ ಬರೆದ ಒಂದೆರಡು ಸಾಲು ಹಾಕಿ, ಸುಮ್ನೆ ತಿದ್ದಿ ನುಣುಪು ಮಾಡಬೇಡಿ. "ನಮ್ಮ ಕ್ಲಾಸಿನ ಬೀನ್ಸ್ ಗಿಡ ಕಿಟಕಿ ಕಡೆಗೆ ಬಗ್ಗಿದೆ, ಅದಕ್ಕೆ ಕಣ್ಣಿದೆಯಾ?" ಅಂತ ನಮ್ಮಲ್ಲಿ ಒಂದು ಮಗು ಬರೆದಿತ್ತು. ಆ ತಿಂಗಳು ಎಲ್ಲರೂ ಓದಿದರು.

ಉತ್ತರ 2:
ಆಚರಣೆಗೆ ನೆರಳು ಅಳೆಯಿರಿ. ಅಂಗಳದಲ್ಲಿ ಒಂದು ಕೋಲು ನೆಟ್ಟು, ಮಾರ್ಚ್ 20, ಜೂನ್ 21, ಸೆಪ್ಟೆಂಬರ್ 22, ಡಿಸೆಂಬರ್ 21ರ ಆಸುಪಾಸಿನಲ್ಲಿ ನಡುಮಧ್ಯಾಹ್ನ ನೆರಳಿನ ತುದಿಗೆ ಮಕ್ಕಳೇ ಬಣ್ಣದ ಗುರುತು ಹಾಕಲಿ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ಓರೆಯಾಗಿರುವುದಕ್ಕೇ ಋತುಗಳು ಬರುವುದು ಅಲ್ವಾ, ಅದು ಕಣ್ಣೆದುರೇ ಕಾಣುತ್ತದೆ. ವೇಷ ಬೇಡ, ಖರ್ಚಿಲ್ಲ, ಯಾವ ಮಗುವೂ ಮೂಲೆಯಲ್ಲಿ ನಿಲ್ಲಬೇಕಾಗಿಲ್ಲ. ಗುರುತುಗಳ ಫೋಟೋ ಸುದ್ದಿಹಾಳೆಗೂ ಆಯ್ತು.

ಪ್ರಶ್ನೆ ಕೇಳಿದವರು:
ಇದು ಚೆನ್ನಾಗಿದೆ! ಅವತ್ತೇ ಮೋಡ ಕವಿದರೆ?

ಉತ್ತರ 2:
ಮರುದಿನ ಅಳೆಯಿರಿ, ಒಂದು ದಿನಕ್ಕೆ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ. ಕೋಲು ಮಾತ್ರ ಅಲ್ಲಾಡದ ಹಾಗೆ ನೆಡಿ, ಮಕ್ಕಳು ಕಿತ್ತು ಆಟ ಆಡಿಬಿಡುತ್ತಾರೆ.